ಕೆರೆ ಹಸಿರುಗಟ್ಟಿದಾಗ ಮನೆಯ ಫಿಲ್ಟರ್ ಎಷ್ಟು ಕಾಯುತ್ತದೆ: ಮಲೆನಾಡಿನ ಮನೆಗಳಿಗಾಗಿ ಒಂದು ವಿಮರ್ಶೆ

ಮಲೆನಾಡಿಗೆ ನೀರಿನ ಚಿಂತೆ ಇಲ್ಲ ಎಂಬ ಮಾತು ಶಿವರಾತ್ರಿಯವರೆಗೆ ನಿಜ. ಆಮೇಲೆ ಅಬ್ಬಿಯ ಪೈಪು ಸೊರಗುತ್ತದೆ, ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರುವುದಿಲ್ಲ. ಸಾಗರ, ಸೊರಬ, ಹೊಸನಗರ, ಶಿಕಾರಿಪುರದ ಕಡೆ ಎಷ್ಟೋ ಮನೆಗಳ ಮೋಟಾರು ಆಗ ತೋಟದ ಕೆರೆಗೋ ಹಿನ್ನೀರಿನ ಅಂಚಿಗೋ ಇಳಿಯುತ್ತದೆ. ಕೆರೆ ತಗ್ಗಿ, ಬಿಸಿಲು ಏರಿ, ಗಾಳಿ ನಿಂತ ಅದೇ ಹೊತ್ತಿನಲ್ಲಿ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತದೆ. ಮನೆಯಲ್ಲಿ ಫಿಲ್ಟರ್ ಇದೆಯಲ್ಲ ಎಂಬ ಧೈರ್ಯದ ಮೇಲೆ ಆ ನೀರು ಅಡುಗೆಮನೆಯವರೆಗೂ ಬರುತ್ತದೆ.

ಆ ಧೈರ್ಯಕ್ಕೆ ಎಷ್ಟು ಆಧಾರವಿದೆ ಎಂದು ನೋಡುವುದೇ ಇಲ್ಲಿಯ ಕೆಲಸ. ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರಿನಿಂದ ಹಿಡಿದು ತಾಲ್ಲೂಕು ಪೇಟೆಯ ಪಾತ್ರೆ ಅಂಗಡಿಯವರೆಗೆ ಸಿಗುವ ಕ್ಯಾಂಡಲ್ ಫಿಲ್ಟರ್, ಯುವಿ (ನೇರಳಾತೀತ ಬೆಳಕಿನ ದೀಪ), ಯುಎಫ್ (ಸೂಕ್ಷ್ಮ ರಂಧ್ರದ ಎಳೆಗಳು), ಆರ್‌ಒ (ಒತ್ತಡ ಹಾಕಿ ಪೊರೆಯ ಮೂಲಕ ಸೋಸುವುದು), ಕಾರ್ಬನ್ (ಸಕ್ರಿಯ ಇದ್ದಿಲು) ಉಪಕರಣಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ: ಹಸಿರು ಕೆನೆಯ ವಿಷ ಮನೆಯವರ ಹೊಟ್ಟೆಗೆ ಹೋಗದಂತೆ ಇವು ತಡೆಯುತ್ತವೆಯೇ? ಕಂಪನಿಗಳ ಹೆಸರು ಹೇಳುತ್ತಿಲ್ಲ. ಹೊರಗಿನ ಡಬ್ಬಿ ಬೇರೆಯಾದರೂ ಒಳಗಿನ ಭಾಗಗಳು ಬಹುಮಟ್ಟಿಗೆ ಒಂದೇ. ಗೋಡೆಗೆ ಕೂರಿಸಿದ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಯಾವುದು ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಣ್ಣಿಗೆ ಕಾಣುವ ಹಾಗೆ ಕೆನೆ ಕಟ್ಟಿದ ನೀರನ್ನು ಕುಡಿಯಲು ಯೋಗ್ಯ ಮಾಡುತ್ತದೆ ಎಂದು ಭರವಸೆ ಕೊಡಬಹುದಾದ ಮನೆಬಳಕೆಯ ಯಂತ್ರ ಯಾವುದೂ ಇಲ್ಲ. ಬಾವಿಯಲ್ಲಿ ದಿನಕ್ಕೆ ಎರಡು ಕೊಡ ಸಿಕ್ಕರೂ ಕುಡಿಯುವುದಕ್ಕೆ, ಅಡುಗೆಗೆ ಅದೇ ಇರಲಿ. ಕೆರೆಯ ನೀರು ಮೈಗೆ ತಾಗದ ಉಳಿದ ಕೆಲಸಕ್ಕೆ ಸಾಕು. ಬೇರೆ ದಾರಿಯೇ ಇಲ್ಲದವರಿಗೆ ಬಟ್ಟೆ, ಸ್ಪನ್ ಫಿಲ್ಟರ್ (ಯಂತ್ರದ ಹೊರಗೆ ಕೆಸರು ಹಿಡಿಯುವ ಮೊದಲ ಫಿಲ್ಟರ್), ಹೊಸ ಕಾರ್ಬನ್, ಟಿಡಿಎಸ್ ಕಂಟ್ರೋಲರ್ (ಪೊರೆ ದಾಟದ ನೀರನ್ನು ಬೆರೆಸುವ ವಾಲ್ವು) ಮುಚ್ಚಿದ ಆರ್‌ಒ, ಈ ನಾಲ್ಕೂ ಈ ಕ್ರಮದಲ್ಲೇ ಬೇಕು. ಯುವಿ ಒಂದನ್ನೇ ನಂಬಿದರೆ ಈ ವಿಷದ ಮಟ್ಟಿಗೆ ಏನನ್ನೂ ನಂಬದಿದ್ದ ಹಾಗೆಯೇ. ಕುದಿಸುವುದು ಇನ್ನೂ ಕೆಟ್ಟದ್ದು.

ಕೆನೆಯಲ್ಲಿ ಇರುವುದೇನು

ಮೆಟ್ಟಿಲಿಗೆ ಅಂಟಿ ಕಾಲು ಜಾರಿಸುವ ಹಾವಸೆ, ಕೂದಲಿನಂತೆ ಎಳೆಯೆಳೆಯಾಗಿ ತೇಲುವ ಪಾಚಿ, ಅಂತರಗಂಗೆ, ಇವು ಯಾವುವೂ ಇಲ್ಲಿಯ ವಿಷಯವಲ್ಲ. ನಾವು ಹೇಳುತ್ತಿರುವುದು ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ ಎಂದು ಕರೆಸಿಕೊಳ್ಳುವ ಬ್ಯಾಕ್ಟೀರಿಯಾ. ಅವುಗಳಲ್ಲಿ ಮೈಕ್ರೊಸಿಸ್ಟಿಸ್ ಎಂಬ ಕುಲ ಕೆರೆಗಳಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಅದರ ಕೋಶದೊಳಗೆ ಗಾಳಿ ತುಂಬಿದ ಸಣ್ಣ ಕೋಣೆಗಳಿರುವುದರಿಂದ ಗಾಳಿಯಿಲ್ಲದ ದಿನ ಬೆಳಗಿನ ಹೊತ್ತಿಗೆ ಎಲ್ಲವೂ ಮೇಲೆ ಬಂದು ಸೇರುತ್ತವೆ. ಗಾಳಿ ಬೀಸಿದರೆ ಇಡೀ ಕೆನೆ ಒಂದು ದಡಕ್ಕೆ ಹೋಗಿ ದಪ್ಪವಾಗುತ್ತದೆ. ಗೊಬ್ಬರ ಹಾಕಿದ ಗದ್ದೆ-ತೋಟದಿಂದ, ಕೊಟ್ಟಿಗೆಯಿಂದ ಹರಿದುಬಂದ ರಂಜಕ, ನೀರಿನ ಬಿಸಿ 25 ಡಿಗ್ರಿ ದಾಟುವುದು, ನಿಂತ ನೀರು, ಇಷ್ಟು ಕೂಡಿದರೆ ಅವಕ್ಕೆ ಸಾಕು.

ಗುರುತು ಹಿಡಿಯಲು ಕೋಲು ಮತ್ತು ಗಾಜಿನ ಬಾಟಲಿ ಸಾಕು. ಕೋಲನ್ನು ಕೆನೆಯಲ್ಲಿ ಅದ್ದಿ ಎತ್ತಿದಾಗ ಎಳೆಗಳು ಜೋತುಬಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ಹಸಿರು ಪೇಂಟು ಮೆತ್ತಿದ ಹಾಗೆ ಬಂದರೆ ಸಯನೋಬ್ಯಾಕ್ಟೀರಿಯಾ ಎಂದು ಶಂಕಿಸಬೇಕು. ಬಾಟಲಿಯಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ನೀರು ತುಂಬಿ, ಅಲುಗಾಡಿಸದೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಸಿರು ಮೇಲೆ ಉಂಗುರ ಕಟ್ಟಿದ್ದರೆ ತೇಲುವ ಸಯನೋಬ್ಯಾಕ್ಟೀರಿಯಾ; ತಳಕ್ಕೆ ಕೂತಿದ್ದರೆ ಬಹುತೇಕ ಬೇರೆ ಪಾಚಿ. ಕೈಗವಸು ಹಾಕಿಕೊಳ್ಳಿ. ಇದರಿಂದ ಜೀವಿ ಇದೆಯೋ ಇಲ್ಲವೋ ಎಂಬ ಅಂದಾಜು ಸಿಗುತ್ತದೆ. ವಿಷ ಎಷ್ಟಿದೆ ಎಂಬುದು ಗೊತ್ತಾಗುವುದಿಲ್ಲ. ದನಕ್ಕೆ ಹಾಕಲು ಅಜೋಲ್ಲಾ ಗುಂಡಿ ಮಾಡಿಕೊಂಡವರು ಹೆದರಬೇಕಾಗಿಲ್ಲ. ಅದರ ಎಲೆಯೊಳಗೆ ವಾಸಿಸುವುದೂ ನೀಲಿ-ಹಸಿರು ಜೀವಿಯೇ ಆದರೂ ಅದು ಕೆರೆಯ ಕೆನೆಯಲ್ಲ.

ದೇಹದ ಕಾವಲು ಎಲ್ಲಿ ತಪ್ಪುತ್ತದೆ

ಉಪಕರಣಗಳನ್ನು ತೂಗುವ ಮೊದಲು ಈ ವಿಷ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂಗಡಿಯಲ್ಲಿ "ಇಮ್ಯೂನಿಟಿ ಹೆಚ್ಚಿಸುವ ಕಾರ್ಟ್ರಿಜ್" ಎಂಬ ಮಾತು ಕೇಳಿಬರುತ್ತದೆ. ನೀರಿಗೆ ಒಂದಿಷ್ಟು ತಾಮ್ರ, ಸತು ಬೆರೆಸುವ ಆ ಕೊಳವೆಗೂ ಇಲ್ಲಿ ಹೇಳುವ ಅಪಾಯಕ್ಕೂ ಸಂಬಂಧವಿಲ್ಲ.

ಮೊದಲು ತಾಗುವುದು ಕೋಶದ ಹೊರಪೊರೆ. ಅದರಲ್ಲಿರುವ ಲಿಪೊಪಾಲಿಸ್ಯಾಕರೈಡನ್ನು ನಮ್ಮ ರಕ್ಷಣಾ ಕೋಶಗಳು ಟಿಎಲ್‌ಆರ್-4 ಎಂಬ ಗ್ರಾಹಕದಿಂದ ಗುರುತಿಸಿ ಉರಿಯೂತ ಎಬ್ಬಿಸುತ್ತವೆ. ಸಾಲ್ಮೊನೆಲ್ಲಾದಂಥ ರೋಗಾಣುವಿನ ಹೊರಪೊರೆಗೆ ಹೋಲಿಸಿದರೆ ಇದು ಸಾಮಾನ್ಯವಾಗಿ ದುರ್ಬಲ. ಆದರೆ ಕೆನೆಯ ನೀರಿನಲ್ಲಿ ಮಿಂದವರಿಗೆ, ಬಟ್ಟೆ ಒಗೆದವರಿಗೆ ಬರುವ ತುರಿಕೆ, ಕಣ್ಣುರಿ, ನೀರು ಕುಡಿದವರ ವಾಂತಿ-ಭೇದಿಯಲ್ಲಿ ಇದರ ಪಾಲೂ ಇರಬಹುದು.

ಎರಡನೆಯದು ಕೋಶದೊಳಗಿನ ವಿಷ. ಹೆಚ್ಚು ಅಧ್ಯಯನಗೊಂಡಿರುವುದು ಮೈಕ್ರೊಸಿಸ್ಟಿನ್-ಎಲ್ಆರ್: ಏಳು ಅಮೈನೋ ಆಮ್ಲಗಳ ಉಂಗುರ, ಅಣುತೂಕ ಸುಮಾರು 995. ಕರುಳಿನಿಂದ ರಕ್ತಕ್ಕೆ ಬಂದ ಮೇಲೆ ಇದು ಸಿಕ್ಕ ಸಿಕ್ಕ ಕೋಶಕ್ಕೆ ನುಗ್ಗಲಾರದು. ಪಿತ್ತದ ಲವಣಗಳನ್ನು ಒಳಗೆ ಸಾಗಿಸುವ ಒಎಟಿಪಿ ಎಂಬ ವಾಹಕಗಳು ಬೇಕು. ಅವು ಲಿವರಿನಲ್ಲಿ ಧಾರಾಳ, ಹಾಗಾಗಿ ಮೊದಲ ಪೆಟ್ಟು ಲಿವರಿಗೆ. ಒಳಹೊಕ್ಕ ವಿಷ ಪ್ರೋಟೀನ್ ಫಾಸ್ಫಟೇಸ್ 1 ಮತ್ತು 2ಎ ಎಂಬ ಎರಡು ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಪ್ರೋಟೀನುಗಳಿಗೆ ಅಂಟಿಸಿದ ಫಾಸ್ಫೇಟನ್ನು ಬಿಡಿಸುವುದು ಈ ಕಿಣ್ವಗಳ ಕೆಲಸ. ಅದು ನಿಂತರೆ ಕೋಶದ ಅಸ್ಥಿಪಂಜರ ಕುಸಿಯುತ್ತದೆ, ಕೋಶ ಮುದುಡುತ್ತದೆ. ಪ್ರಮಾಣ ಹೆಚ್ಚಾದರೆ ಲಿವರಿನೊಳಗೆ ರಕ್ತಸ್ರಾವ.

ರಕ್ಷಣಾ ಕೋಶಗಳು ಸುದ್ದಿ ಮುಟ್ಟಿಸುವುದೂ ಇದೇ ಫಾಸ್ಫೇಟ್ ಅಂಟಿಸಿ-ಬಿಡಿಸುವ ಲೆಕ್ಕದಲ್ಲಿ. ಆದ್ದರಿಂದ ಆ ಕಿಣ್ವಗಳು ಕಟ್ಟಿಹೋದರೆ ಅಲ್ಲೂ ಏರುಪೇರು. ಪ್ರಯೋಗಾಲಯದಲ್ಲಿ ಮೈಕ್ರೊಸಿಸ್ಟಿನ್ ತಾಗಿಸಿದಾಗ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕೆರಳಿ, ಆಮ್ಲಜನಕದ ಉಗ್ರ ರೂಪಗಳನ್ನೂ ಇಂಟರ್‌ಲ್ಯೂಕಿನ್-8 ಎಂಬ ಕರೆಯನ್ನೂ ಹೊರಬಿಡುತ್ತವೆ. ಮ್ಯಾಕ್ರೊಫೇಜ್ ಎಂಬ ನುಂಗುಕೋಶಗಳಲ್ಲಿ ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಸಂಕೇತಗಳು ಬದಲಾಗುತ್ತವೆ. ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಕಥೆ ತಿರುಗುಮುರುಗು: ಅವು ವೃದ್ಧಿಯಾಗುವುದು ಕುಗ್ಗುತ್ತದೆ, ಇಂಟರ್‌ಲ್ಯೂಕಿನ್-2 ತಯಾರಿ ಇಳಿಯುತ್ತದೆ, ಕೆಲವು ಸಾಯುತ್ತವೆ. ಮೊದಲ ಸಾಲಿನ ಕಾವಲು ಅನಗತ್ಯವಾಗಿ ಕೆರಳಿ ಅಂಗಾಂಶ ಸುಡುವುದು, ಗುರುತಿಟ್ಟುಕೊಂಡು ಹೋರಾಡುವ ಎರಡನೆಯ ಸಾಲು ಬಡವಾಗುವುದು, ಎರಡೂ ಒಂದೇ ವಿಷದಿಂದ ಆಗಬಲ್ಲವು. ಈ ತಿಳಿವಳಿಕೆಯ ಬಹುಪಾಲು ಬಂದಿರುವುದು ಕೋಶ, ಇಲಿ, ಮೀನುಗಳ ಅಧ್ಯಯನದಿಂದ. ಹಳ್ಳಿಯ ಕೆರೆಯ ನೀರನ್ನು ಒಂದು ಬೇಸಿಗೆ ಕುಡಿದವರ ರೋಗನಿರೋಧಕತೆ ಇಷ್ಟು ಕುಗ್ಗಿತು ಎಂದು ಯಾರಾದರೂ ಅಂಕಿ ಕೊಟ್ಟು ಹೇಳಿದರೆ ನಂಬಬೇಡಿ. ಸಿಲಿಂಡ್ರೊಸ್ಪರ್ಮಾಪ್ಸಿನ್ ಎಂಬ ಇನ್ನೊಂದು ವಿಷ ಪ್ರೋಟೀನ್ ತಯಾರಿಯನ್ನೇ ತಡೆಯುತ್ತದೆ. ಲಿವರ್, ಕಿಡ್ನಿ ಎರಡಕ್ಕೂ ಹಾನಿ.

ಮೂರನೆಯದು ಅಲರ್ಜಿ. ಇಲ್ಲಿ ಜನ ಎಡವುವುದು ಹೆಚ್ಚು. ಅಲರ್ಜಿಯ ಐಜಿಇ ಪ್ರತಿಕಾಯವನ್ನು ಕೆರಳಿಸಲು ವಿಷವೇ ಬೇಕಾಗಿಲ್ಲ. ಈ ಜೀವಿಗಳ ನೀಲಿ ಬಣ್ಣದ ಪ್ರೋಟೀನ್ ಫೈಕೊಸಯನಿನ್ ಸಾಕು. ವಿಷ ತಯಾರಿಸದ ಮೈಕ್ರೊಸಿಸ್ಟಿಸ್ ತಳಿಗಳೇ ಹೆಚ್ಚು ಐಜಿಇ ಪ್ರತಿಕ್ರಿಯೆ ತೋರಿಸಿದ ಅಧ್ಯಯನವೂ ಇದೆ. ಆದ್ದರಿಂದ ವಿಷದ ಪರೀಕ್ಷೆ ಚೆನ್ನಾಗಿ ಬಂದರೂ ಆಸ್ತಮಾ ಇರುವವರು ಹಸಿರು ಕೆರೆಯ ನೀರನ್ನು ತೋಟಕ್ಕೆ ಸ್ಪ್ರಿಂಕ್ಲರ್‌ನಲ್ಲಿ ಹಾರಿಸುವಾಗ ಹನಿ ಹಾರಿಬರುವ ಕಡೆ ನಿಲ್ಲಬಾರದು. ಆ ತಿಂಗಳು ಡ್ರಿಪ್ ಅಥವಾ ಹಾಯಿನೀರು ಒಳ್ಳೆಯದು.

ಮಿತಿಗಳ ಲೆಕ್ಕ ಇದು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜೀವನಪೂರ್ತಿ ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್-ಎಲ್ಆರ್ ಲೀಟರಿಗೆ 1 ಮೈಕ್ರೊಗ್ರಾಂ, ಅಲ್ಪಕಾಲಕ್ಕೆ 12. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಹತ್ತು ದಿನದ ಬಳಕೆಗೆ ಕೊಟ್ಟ ಸಲಹೆ ಇನ್ನೂ ಬಿಗಿ: ಶಾಲೆಗೆ ಹೋಗದ ಮಕ್ಕಳಿಗೆ 0.3, ಉಳಿದವರಿಗೆ 1.6. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ಕುಡಿಯುವ ನೀರು ಹೆಚ್ಚು, ಅದಕ್ಕೇ ಈ ವ್ಯತ್ಯಾಸ. ನಮ್ಮ ಐಎಸ್ 10500 ಮಾನದಂಡ, ಕುಡಿಯುವ ನೀರಿನಲ್ಲಿ ಪಾಚಿಯಾಗಲಿ ವಿಷ ತಯಾರಿಸುವ ಜೀವಿಯಾಗಲಿ ಇರಕೂಡದು ಎನ್ನುತ್ತದೆ. ಮೈಕ್ರೊಸಿಸ್ಟಿನ್‌ಗೆ ಅಂಕಿ ಕೊಡುವುದಿಲ್ಲ. ಪಂಚಾಯ್ತಿಯ ನೀರು ಪರೀಕ್ಷೆ ಕಿಟ್ಟಿನಲ್ಲಿ ಪಿಎಚ್, ಗಡಸುತನ, ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ನೋಡಬಹುದು, ಇದನ್ನು ನೋಡಲಾಗದು.

ಬಟ್ಟೆ, ಕುದಿಸುವುದು, ಕ್ಯಾಂಡಲ್

ಬಟ್ಟೆಯನ್ನು ಕೀಳಾಗಿ ಕಾಣಬೇಡಿ. ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ ಹಳೆಯ ಹತ್ತಿ ಸೀರೆಯನ್ನು ಮಡಿಚಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಗೆದು ಒಗೆದು ಮೆತ್ತಗಾದ ಸೀರೆಯನ್ನು ನಾಲ್ಕರಿಂದ ಎಂಟು ಮಡಿಕೆ ಮಾಡಿದರೆ ಕಣ್ಣುಗಳು ಸುಮಾರು 20 ಮೈಕ್ರಾನ್‌ಗೆ ಇಳಿಯುತ್ತವೆ. ಲೋಳೆಯಲ್ಲಿ ಗುಂಪುಗೂಡಿದ ಮೈಕ್ರೊಸಿಸ್ಟಿಸ್ ಅದರಲ್ಲಿ ಸಿಕ್ಕಿಬೀಳುತ್ತದೆ; ಬಿಡಿ ಕೋಶಗಳು ದಾಟಿಹೋಗುತ್ತವೆ. ಇದರ ದೊಡ್ಡ ಉಪಯೋಗ ಕೋಶವನ್ನು ಒಡೆಯದೆ ಹೊರಗಿಡುವುದು. ವಿಷದ ಹೆಚ್ಚಿನ ಪಾಲು ಜೀವಂತ ಕೋಶದ ಒಳಗೇ ಇರುತ್ತದೆ. ಕೋಶ ಇಡಿಯಾಗಿ ಹೊರಹೋದರೆ ವಿಷವೂ ಅದರೊಟ್ಟಿಗೆ ಹೋಯಿತು. ಆದ್ದರಿಂದ ಸೋಸಿದ ಬಟ್ಟೆಯನ್ನು ಹಿಂಡಬಾರದು, ಉಜ್ಜಬಾರದು. ಬಾವಿ, ಟ್ಯಾಂಕಿನಿಂದ ದೂರ ಜಾಲಾಡಿ ಬಿಸಿಲಿಗೆ ಹಾಕಿ.

ಕುದಿಸುವುದು ಮಲೆನಾಡಿನ ಮನೆಗಳಲ್ಲಿ ಬಲವಾಗಿ ಬೇರೂರಿದ ಒಳ್ಳೆಯ ರೂಢಿ. ರೋಗಾಣುಗಳಿಗೆ ಅದು ಸರಿಯಾದ ಮದ್ದೇ. ಇಲ್ಲಿ ಮಾತ್ರ ತಿರುಗುಬಾಣ. ಕೋಶಗಳು ಬೆಂದು ಒಡೆದು ವಿಷ ನೀರಿಗೆ ಬರುತ್ತದೆ, ಮೈಕ್ರೊಸಿಸ್ಟಿನ್ ಕುದಿಯುವ ಬಿಸಿಗೆ ಜಗ್ಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಅನ್ನ, ಸಾರು ಮಾಡಿದರೂ ಅಷ್ಟೇ.

ಸ್ಟೀಲಿನ ಕ್ಯಾಂಡಲ್ ಫಿಲ್ಟರಿನ ಸೆರಾಮಿಕ್ ಕಣ್ಣು ಸುಮಾರು ಒಂದು ಮೈಕ್ರಾನ್. ಕೋಶಗಳನ್ನು ತಡೆಯುತ್ತದೆ, ಕರಗಿದ ವಿಷವನ್ನು ಬಿಡುತ್ತದೆ. ತೊಂದರೆ ಶುರುವಾಗುವುದು ಮರುದಿನ: ಕ್ಯಾಂಡಲಿನ ಮೇಲೆ ಮೆತ್ತಿದ ಹಸಿರು ಪದರ ಸತ್ತು, ಒಡೆದು, ಮೇಲಿಂದ ಸುರಿದ ಹೊಸ ನೀರಿಗೆ ವಿಷ ಬಿಡುತ್ತದೆ. ದಿನಾ ತೊಳೆದರೆ ಹತ್ತಕ್ಕೆ ನಾಲ್ಕು ಅಂಕ, ವಾರಕ್ಕೊಮ್ಮೆ ತೊಳೆದರೆ ಒಂದು.

ಯುವಿ ಮತ್ತು ಯುಎಫ್

ರೋಗಾಣು ಕೊಲ್ಲಲು ಯುವಿಯ ಮಾನದಂಡ ಚದರ ಸೆಂಟಿಮೀಟರಿಗೆ 40 ಮಿಲಿಜೂಲ್. ಮೈಕ್ರೊಸಿಸ್ಟಿನ್ ಅಣುವನ್ನು ಒಡೆಯಲು ಅದರ ಹತ್ತಾರು, ನೂರಾರು ಪಟ್ಟು ಬೇಕು. ಹಸಿರು ನೀರಿನಲ್ಲಿ ಬೆಳಕು ಹಾಯುವುದೂ ಕಷ್ಟ. ದೀಪ ಉರಿಯುತ್ತಿದೆ ಎಂಬ ನೀಲಿ ಸೂಚನೆ ಈ ವಿಷದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಯುಎಫ್ ಎಳೆಗಳ ಕಣ್ಣು 0.01 ಮೈಕ್ರಾನ್, ಅಂದರೆ 10 ನ್ಯಾನೊಮೀಟರ್. ಮೈಕ್ರೊಸಿಸ್ಟಿನ್ ಅಣು ಎರಡು-ಮೂರು ನ್ಯಾನೊಮೀಟರ್ ಮೀರದು. ಕೋಶ ನಿಲ್ಲುತ್ತದೆ, ವಿಷ ನುಸುಳುತ್ತದೆ. ಕರೆಂಟ್ ಇಲ್ಲದ ಊರುಗಳಲ್ಲಿ ಯುಎಫ್ ಗ್ರಾವಿಟಿ ಫಿಲ್ಟರ್ ರೋಗಾಣುಗಳಿಗೆ ಒಳ್ಳೆಯ ಆಯ್ಕೆ ಎಂಬುದರಲ್ಲಿ ಅನುಮಾನವಿಲ್ಲ. ಈ ಒಂದು ಪ್ರಶ್ನೆಗೆ ಮಾತ್ರ ಯುಎಫ್‌ಗೆ ಮೂರು, ಯುವಿಗೆ ಸೊನ್ನೆ.

ಕೆಲಸ ಮಾಡುವುದು ಕಾರ್ಬನ್

ಕರಗಿದ ವಿಷವನ್ನು ಹಿಡಿಯುವ ಅಗ್ಗದ ವಸ್ತು ಸಕ್ರಿಯ ಇದ್ದಿಲು. ಆದರೆ ಎಲ್ಲ ಇದ್ದಿಲೂ ಒಂದೇ ಅಲ್ಲ. ನಮ್ಮ ಪೇಟೆಯ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಾಗಿರುವ ತೆಂಗಿನ ಚಿಪ್ಪಿನ ಕಾರ್ಬನ್ನಿನ ರಂಧ್ರಗಳು ಬಹಳ ಸಣ್ಣವು, ಬಹುಪಾಲು 2 ನ್ಯಾನೊಮೀಟರ್‌ಗಿಂತ ಕಡಿಮೆ. ಕ್ಲೋರಿನ್, ವಾಸನೆಗೆ ಅದು ಸೊಗಸು. ಮೈಕ್ರೊಸಿಸ್ಟಿನ್‌ನಂಥ ದೊಡ್ಡ ಅಣುವಿಗೆ 2ರಿಂದ 50 ನ್ಯಾನೊಮೀಟರ್ ರಂಧ್ರ ಹೆಚ್ಚಿರುವ ಕಾರ್ಬನ್ ಬೇಕು. ಮರದಿಂದ ಮಾಡಿದ್ದು, ಕಲ್ಲಿದ್ದಲಿನಿಂದ ಮಾಡಿದ ಕೆಲವು ಬಗೆ ಅದಕ್ಕೆ ಹೊಂದುತ್ತವೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ತರಗೆಲೆ ಕೊಳೆತು ಬರುವ ಕಂದು ಬಣ್ಣದ ಹ್ಯೂಮಿಕ್ ವಸ್ತುಗಳು ನಮ್ಮ ಕೆರೆ-ಹಳ್ಳದಲ್ಲಿ ಧಾರಾಳ. ಅವು ಮೊದಲು ಬಂದು ರಂಧ್ರಗಳನ್ನು ತುಂಬಿಕೊಳ್ಳುತ್ತವೆ, ತುಂಬಿದ ಬಸ್ಸಿನ ಸೀಟಿನ ಹಾಗೆ, ಆಮೇಲೆ ಬಂದ ವಿಷಕ್ಕೆ ಜಾಗವಿರುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಆರು ತಿಂಗಳು, ಒಂದು ವರ್ಷದ ಆಯಸ್ಸು ಸಾಮಾನ್ಯವಾಗಿ ಕ್ಲೋರಿನ್ ರುಚಿಯ ಲೆಕ್ಕ. ಕೆನೆಯ ಕಾಲದಲ್ಲಿ ಅದನ್ನು ಮರೆತುಬಿಡಿ. ಕೆರೆ ಹಸಿರಾದ ದಿನ ಹೊಸ ಕಾರ್ಬನ್ ಹಾಕಿ, ಹಸಿರು ಇರುವಷ್ಟು ಕಾಲ ತಿಂಗಳಿಗೊಮ್ಮೆಯಾದರೂ ಬದಲಿಸಿ. ಒಂದು ಕಾರ್ಟ್ರಿಜ್ ಕೆಲವು ನೂರು ರೂಪಾಯಿ. ಈ ಪಟ್ಟಿಯಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ನೀರು ಕಾರ್ಬನ್ನಿನಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದೂ ಮುಖ್ಯ. ಗಂಟೆಗೆ 15 ಲೀಟರ್ ಶುದ್ಧ ನೀರು, 30 ಲೀಟರ್ ವೇಸ್ಟ್ ಕೊಡುವ ಆರ್‌ಒದಲ್ಲಿ ಕಾರ್ಬನ್ ಮೂಲಕ ಹಾಯುವುದು ನಿಮಿಷಕ್ಕೆ ಮುಕ್ಕಾಲು ಲೀಟರ್. ಹತ್ತು ಇಂಚಿನ ಕಾರ್ಟ್ರಿಜ್‌ನಲ್ಲಿ ಅದು ಒಂದು ನಿಮಿಷವೂ ನಿಲ್ಲುವುದಿಲ್ಲ. ನಲ್ಲಿಯ ಬಾಯಿಗೆ ಸಿಕ್ಕಿಸುವ ಅಂಗೈಯಗಲದ ಫಿಲ್ಟರಿನಲ್ಲಿ ಕೆಲವೇ ಸೆಕೆಂಡು, ಅದನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಕಾಳು ಕಾರ್ಬನ್‌ಗಿಂತ ಒತ್ತಿ ಮಾಡಿದ ಕಾರ್ಬನ್ ಬ್ಲಾಕ್ ವಾಸಿ. ಕಾಳಿನ ನಡುವೆ ನೀರು ದಾರಿ ಮಾಡಿಕೊಂಡು ನುಸುಳುತ್ತದೆ, ಬ್ಲಾಕಿನಲ್ಲಿ ಆ ಅವಕಾಶ ಕಡಿಮೆ.

ಅಂಗಡಿಯಲ್ಲಿ ಕೇಳಬೇಕಾದ ಗುರುತು, ನೀರಿನ ಉಪಕರಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆಯ ಎನ್‌ಎಸ್‌ಎಫ್ ಪಿ477, ಅಥವಾ ಎನ್‌ಎಸ್‌ಎಫ್ 53ರಡಿ ಮೈಕ್ರೊಸಿಸ್ಟಿನ್ ಎಂದು ಸ್ಪಷ್ಟವಾಗಿ ಬರೆದಿರುವುದು. ಲೀಟರಿಗೆ 4 ಮೈಕ್ರೊಗ್ರಾಂ ವಿಷವಿರುವ ನೀರನ್ನು 0.3ಕ್ಕಿಂತ ಕೆಳಗೆ ಇಳಿಸಿ ತೋರಿಸಿದರೆ ಮಾತ್ರ ಆ ಗುರುತು ಸಿಗುತ್ತದೆ. ಎನ್‌ಎಸ್‌ಎಫ್ 42 ಎಂಬುದು ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ್ದು. ಅದನ್ನು ತೋರಿಸಿ ಇದೂ ಅದೇ ಎಂದರೆ ಒಪ್ಪಬೇಡಿ. ಆ ಗುರುತಿದ್ದರೂ ದಪ್ಪ ಕೆನೆಯ ನೀರಿನಲ್ಲಿ ವಿಷ 4ಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು ಎಂಬುದು ನೆನಪಿರಲಿ. ಹೊಸ ಬ್ಲಾಕಿಗೆ ಆರೂವರೆ, ಹಳೆಯದಕ್ಕೆ ಎರಡು.

ಆರ್‌ಒ, ಮತ್ತು ಅದನ್ನು ಹಾಳುಮಾಡುವ ಒಂದು ಸ್ಕ್ರೂ

ಆರ್‌ಒ ಪೊರೆ ಸರಿಯಿದ್ದರೆ ಮೈಕ್ರೊಸಿಸ್ಟಿನ್‌ನ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ತಡೆಯುತ್ತದೆ. ಮನೆಯ ಯಂತ್ರಗಳಲ್ಲಿ ಇದೇ ಬಲವಾದ ಅಡ್ಡಗಟ್ಟೆ. ಆದರೂ ಮಲೆನಾಡಿನಲ್ಲಿ ಕೂರಿಸಿದ ಆರ್‌ಒಗಳ ಬಗ್ಗೆ ನಮಗೆ ದೊಡ್ಡ ತಕರಾರಿದೆ.

ನಮ್ಮ ನೀರಿನಲ್ಲಿ ಲವಣ ಕಡಿಮೆ. ಕರಗಿದ ಲವಣವನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುವ ಟಿಡಿಎಸ್ ಮೀಟರು ಹಲವು ಕಡೆ 100ರ ಒಳಗೇ ತೋರಿಸುತ್ತದೆ. ಮಾನದಂಡ ಒಪ್ಪುವುದು 500ರವರೆಗೆ. ಲವಣದ ಲೆಕ್ಕದಲ್ಲಿ ಇಲ್ಲಿಗೆ ಆರ್‌ಒ ಬೇಕಾಗಿಯೇ ಇಲ್ಲ. ಅಂಥ ನೀರನ್ನು ಪೊರೆಯ ಮೂಲಕ ಹಾಯಿಸಿದರೆ ಟಿಡಿಎಸ್ 5-10ಕ್ಕೆ ಇಳಿದು ಸಪ್ಪೆಯಾಗುತ್ತದೆ. ರುಚಿ ಚೆನ್ನಾಗಿಲ್ಲ ಎಂದು ದೂರು ಬಂದರೆ ರಿಪೇರಿಯವರು ಮಾಡುವುದು ಒಂದೇ ಕೆಲಸ: ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ವಾಲ್ವಿನ ಸ್ಕ್ರೂ ತಿರುಗಿಸುವುದು. ಆಗ ಪೊರೆ ದಾಟದ ನೀರು, ಯುವಿ-ಯುಎಫ್ ಹಾದು, ಪೊರೆ ದಾಟಿದ ನೀರಿಗೆ ಬೆರೆಯುತ್ತದೆ. ಬೇರೆ ದಿನಗಳಲ್ಲಿ ಇದರಿಂದ ತೊಂದರೆ ಇಲ್ಲ. ಕೆನೆಯ ಕಾಲದಲ್ಲಿ ಅದು ಹದಿನೈದು ಸಾವಿರದ ಯಂತ್ರವನ್ನು ಹಳೆಯ ಕಾರ್ಬನ್ ಕಾರ್ಟ್ರಿಜ್‌ನ ಮಟ್ಟಕ್ಕೆ ಇಳಿಸುತ್ತದೆ.

ಪರೀಕ್ಷೆ ಸುಲಭ. ಯಂತ್ರಕ್ಕೆ ಬರುವ ನೀರಿನ ಟಿಡಿಎಸ್ ನೋಡಿ. ಪೊರೆಯ ಕೊಳವೆಯಿಂದ ಹೊರಬರುವ ಶುದ್ಧ ನೀರಿನ ಪೈಪು ಬಿಚ್ಚಿ ಅಲ್ಲಿಯೂ ನೋಡಿ. ಬರುವುದು 80 ಇದ್ದರೆ ಅಲ್ಲಿ 8ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರಬೇಕು. ಅಲ್ಲೇ 30-40 ಬಂದರೆ ಪೊರೆ ಹರಿದಿದೆ ಅಥವಾ ಅದರ ತುದಿಯ ಓ-ರಿಂಗ್ ಸರಿಯಾಗಿ ಕೂತಿಲ್ಲ. ಅಲ್ಲಿ 8 ಇದ್ದು ನಲ್ಲಿಯಲ್ಲಿ 50 ಬಂದರೆ, ಒಂದೋ ಕಂಟ್ರೋಲರ್ ತೆರೆದಿದೆ, ಇಲ್ಲವೇ ಮುಂದಿನ ಮಿನರಲ್ ಕಾರ್ಟ್ರಿಜ್ ಲವಣ ಸೇರಿಸುತ್ತಿದೆ. ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ ಮತ್ತೆ ನೋಡಿದರೆ ಯಾವುದೆಂದು ತಿಳಿಯುತ್ತದೆ. ಸಪ್ಪೆ ರುಚಿ ಸೇರದವರಿಗೆ ಪೊರೆಯ ನಂತರ ಕೂರಿಸುವ ಮಿನರಲ್ ಕಾರ್ಟ್ರಿಜ್ ಇರಲಿ, ಅದರಿಂದ ಅಪಾಯವಿಲ್ಲ. ಟಿಡಿಎಸ್ ಮೀಟರಿನ ಉಪಯೋಗ ಇಷ್ಟಕ್ಕೇ ಮುಗಿಯುತ್ತದೆ. ಅದರ ಕನಿಷ್ಠ ಅಂಕಿ 1, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. ನಮಗೆ ಬೇಕಾದ ಮಿತಿ ಅದರ ಸಾವಿರದ ಒಂದು ಪಾಲು. "ಮೀಟರ್ ಚೆನ್ನಾಗಿ ತೋರಿಸುತ್ತಿದೆ" ಎಂಬ ಮಾತಿನಿಂದ ವಿಷದ ವಿಚಾರ ತೀರ್ಮಾನವಾಗದು.

ಹೊರಗಿನ ಪ್ರೀ-ಫಿಲ್ಟರಿನ 5 ಮೈಕ್ರಾನ್ ಸ್ಪನ್ ಕೆನೆಯ ಕಾಲದಲ್ಲಿ ದಿನಗಳಲ್ಲೇ ಹಸಿರಾಗುತ್ತದೆ. ತೊಳೆದು ಮತ್ತೆ ಹಾಕುವ ರೂಢಿ ಬಿಡಿ, ಎಸೆದು ಹೊಸದು ಹಾಕಿ. ಅದರಲ್ಲಿ ಸಿಕ್ಕಿಬಿದ್ದ ಕೋಶಗಳೂ ಕ್ಯಾಂಡಲಿನ ಮೇಲಿನವುಗಳ ಹಾಗೆಯೇ ಒಡೆಯುತ್ತವೆ. ಪಾರದರ್ಶಕ ಬೌಲ್ ಇದ್ದರೆ ಬಟ್ಟೆ ಸುತ್ತಿ ಬೆಳಕು ತಪ್ಪಿಸಿ. ವೇಸ್ಟ್ ಪೈಪಿನ ನೀರಿನಲ್ಲಿ ವಿಷ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ದನ, ನಾಯಿಗಳಿಗೆ ಇಡಬೇಡಿ, ಸೊಪ್ಪಿನ ಮಡಿಗೆ ಹಾಕಬೇಡಿ, ಪಾತ್ರೆಯನ್ನೂ ಬೆಳಗಬೇಡಿ, ಕಕ್ಕಸಿಗೆ ಬಿಡಿ. ಕಂಟ್ರೋಲರ್ ಮುಚ್ಚಿ, ಕಾರ್ಬನ್ ಹೊಸದಿದ್ದರೆ ಆರ್‌ಒಗೆ ಎಂಟು. ಕಂಟ್ರೋಲರ್ ತೆರೆದಿದ್ದರೆ ಮೂರು.

ಆರ್‌ಒಗೂ ಪೂರ್ತಿ ಅಂಕ ಯಾಕೆ ಕೊಡಲಿಲ್ಲ ಎನ್ನುವವರು ಬ್ರೆಜಿಲಿನ ಕರುವಾರು ಊರಿನ 1996ರ ದುರಂತವನ್ನು ತಿಳಿದಿರಬೇಕು. ಹಸಿರುಗಟ್ಟಿದ ಜಲಾಶಯದ ನೀರು ಸರಿಯಾಗಿ ಶುದ್ಧವಾಗದೆ ಟ್ಯಾಂಕರಿನಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ಬಂತು. ನೂರು ಮಂದಿಯ ಲಿವರ್ ಕೈಕೊಟ್ಟಿತು, 50ಕ್ಕೂ ಹೆಚ್ಚು ಸಾವುಗಳು ಈ ವಿಷದಿಂದಾದವು. ಒಂದು ಬಾರಿಯ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು, ತೆಳುವಾದ ಪೊರೆಯೊಂದರ ಆಚೆಗೆ ನೇರ ರಕ್ತ. ಮನೆಯಲ್ಲಿ ಡಯಾಲಿಸಿಸ್ ರೋಗಿಗಳಿದ್ದರೆ, ಲಿವರಿನ ಕಾಯಿಲೆಯವರಿದ್ದರೆ, ಹಸುಗೂಸಿಗೆ ಪುಡಿಹಾಲು ಕಲಸುವುದಿದ್ದರೆ ಆರ್‌ಒ ನೀರನ್ನೂ ನಂಬದೆ ಬೇರೆ ಮೂಲದ ನೀರು ತರಿಸಿ.

ಕ್ಲೋರಿನ್ ಮತ್ತು ಮೈಲುತುತ್ತ

ಕ್ಲೋರಿನ್ ಈ ವಿಷವನ್ನು ನಿಜವಾಗಿಯೂ ಒಡೆಯುತ್ತದೆ, ಷರತ್ತುಗಳಿವೆ: ಕೋಶಗಳನ್ನು ಮೊದಲೇ ಸೋಸಿ ತೆಗೆದಿರಬೇಕು, ಪಿಎಚ್ 8ಕ್ಕಿಂತ ಕಡಿಮೆ ಇರಬೇಕು, 30 ನಿಮಿಷದ ನಂತರವೂ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಸಿರುಗಟ್ಟಿದ ಕೆರೆಯ ಪಿಎಚ್ ಮಧ್ಯಾಹ್ನದ ಹೊತ್ತಿಗೆ 9 ದಾಟುವುದುಂಟು, ಆಗ ಪರಿಣಾಮ ಕುಗ್ಗುತ್ತದೆ. ಸೋಸದ ನೀರಿರುವ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದರೆ ಕೋಶ ಒಡೆದು ವಿಷ ಹೊರಬರುತ್ತದೆ, ಕ್ಲೋರಿನ್ ಅಷ್ಟರಲ್ಲಿ ಖರ್ಚಾಗಿರುತ್ತದೆ.

ಅಡಿಕೆ ತೋಟವಿರುವ ಮನೆಯಲ್ಲಿ ಕೊಳೆರೋಗಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ. ಪಾಚಿ ಸಾಯಲಿ ಎಂದು ಅದನ್ನು ಕುಡಿಯುವ ನೀರಿನ ಕೆರೆಗೆ ಹಾಕಬೇಡಿ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ 1979ರಲ್ಲಿ ಆದದ್ದು ಇದೇ: ಜಲಾಶಯದ ಹಸಿರನ್ನು ಕೊಲ್ಲಲು ತಾಮ್ರದ ಸಲ್ಫೇಟ್ ಹಾಕಿದರು, ಕೋಶಗಳು ಒಟ್ಟಿಗೆ ಒಡೆದವು, 148 ಮಂದಿ ಲಿವರ್-ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. 

ಅದರ ಬದಲು ಫುಟ್‌ವಾಲ್ವ್ ಸರಿಸಿ. ಖಾಲಿ ಡ್ರಮ್ಮಿಗೆ ಕಟ್ಟಿ, ನೀರಿನ ಮೇಲ್ಮೈಯಿಂದ ಒಂದು-ಒಂದೂವರೆ ಮೀಟರ್ ಕೆಳಗೆ ತೂಗುಬಿಡಿ. ತಳದ ಕೆಸರಿಗೂ ತಾಗದಿರಲಿ. ಗಾಳಿ ಕೆನೆಯನ್ನು ತಳ್ಳುವ ದಡದ ಎದುರು ದಡದಲ್ಲಿರಲಿ. ಒಂದು ಹಗ್ಗ, ಒಂದು ಡ್ರಮ್ಮಿನ ಖರ್ಚಿನಲ್ಲಿ ಮನೆಗೆ ಬರುವ ಕೋಶಗಳ ಸಂಖ್ಯೆ ಬಹಳ ತಗ್ಗುತ್ತದೆ.

ಪರೀಕ್ಷಾ ಪಟ್ಟಿ

ಮೈಕ್ರೊಸಿಸ್ಟಿನ್ ಪತ್ತೆಗೆ ಗರ್ಭಪರೀಕ್ಷೆಯ ಪಟ್ಟಿಯಂಥದ್ದೇ ಪಟ್ಟಿಗಳಿವೆ. ಲ್ಯಾಬ್ ಸಾಮಗ್ರಿ ಮಾರುವವರಿಂದ ತರಿಸಬೇಕು, ದುಬಾರಿ. ಒಂದು ಮನೆಗೆ ಹೊರೆ. ಹತ್ತಾರು ಮನೆ ಸೇರಿ ಅಥವಾ ಪಂಚಾಯ್ತಿ ತರಿಸಿದರೆ ಸಾರ್ಥಕ. ಓದುವುದರಲ್ಲಿ ತಪ್ಪುವವರೇ ಹೆಚ್ಚು: ವಿಷ ಹೆಚ್ಚಿದಷ್ಟೂ ಪರೀಕ್ಷೆಯ ಗೆರೆ ಮಸುಕಾಗುತ್ತದೆ. ಗಾಢ ಗೆರೆ ಕಂಡು ಹೆದರುವುದು, ಗೆರೆ ಕಾಣದಿದ್ದಾಗ ನಿರಾಳವಾಗುವುದು ಎರಡೂ ಉಲ್ಟಾ. ಕಂಟ್ರೋಲ್ ಗೆರೆ ಬರದಿದ್ದರೆ ಪಟ್ಟಿಯೇ ಕೆಟ್ಟಿದೆ. ಕೆರೆಯ ನೀರಿಗಾದರೆ ಕೋಶ ಒಡೆಯುವ ದ್ರಾವಣ ಬಳಸುವ ಬಗೆ ಬೇಕು, ಇಲ್ಲದಿದ್ದರೆ ಕರಗಿದ ವಿಷ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಕುಡಿಯುವ ನೀರಿಗೆ 0-5 ಮೈಕ್ರೊಗ್ರಾಂ ವ್ಯಾಪ್ತಿಯದನ್ನೇ ಕೊಳ್ಳಿ. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ, ಕತ್ತಲಲ್ಲಿ, ತಣ್ಣಗೆ ಇಡಿ.

ಈ ನೀರು ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ಮೈತುಂಬ ದದ್ದು ಕಂಡರೆ ವೈದ್ಯರಿಗೆ ಕೆರೆಯ ಸಂಗತಿಯನ್ನು ಮೊದಲು ಹೇಳಿ. ಬೇಸಿಗೆಯಲ್ಲಿ ಇಲ್ಲಿ ಜ್ವರ ಎಂದರೆ ಮಂಗನ ಕಾಯಿಲೆ, ಕಾಮಾಲೆ ಎಂದರೆ ಹೆಪಟೈಟಿಸ್ ಎಂದು ಯೋಚನೆ ಹೋಗುವುದು ಸಹಜ ಮತ್ತು ಸರಿ. ಜೊತೆಗೆ ಇದೂ ಅವರ ಮನಸ್ಸಿನಲ್ಲಿರಲಿ. ಪ್ರತ್ಯೇಕ ಪ್ರತಿವಿಷವಿಲ್ಲ. ಲಿವರಿನ ರಕ್ತಪರೀಕ್ಷೆ ಮಾಡಿಸಿ, ಅದರಂತೆ ಉಪಚಾರ.

ಹಸಿರು ಕರಗಿದ ಕೂಡಲೇ ಹಳೆಯ ರೂಢಿಗೆ ಮರಳಬೇಡಿ. ಕೋಶಗಳು ಸತ್ತು ಒಡೆಯುವುದು ಆಗಲೇ, ಕರಗಿದ ವಿಷ ನೀರಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯಬಹುದು. ಇನ್ನೂ ಎರಡು-ಮೂರು ವಾರ ಬಾವಿಯ ನೀರನ್ನೇ ಕುಡಿಯಿರಿ. ಆಮೇಲೆ ಮೇಲಿನ ಟ್ಯಾಂಕು ಖಾಲಿ ಮಾಡಿ ತಳದ ಕೆಸರು ಉಜ್ಜಿ ತೆಗೆಯಿರಿ, ಸ್ಪನ್ ಮತ್ತು ಇರುವ ಕಾರ್ಬನ್ ಕಾರ್ಟ್ರಿಜ್ ಎಲ್ಲವನ್ನೂ ಎಸೆಯಿರಿ, ಆರ್‌ಒ ಸಂಗ್ರಹದ ತೊಟ್ಟಿಯನ್ನು ತೊಳೆದು ಮೊದಲ ಎರಡು ತೊಟ್ಟಿ ನೀರನ್ನು ಚೆಲ್ಲಿ. ಪೊರೆಯ ಟಿಡಿಎಸ್ ಮತ್ತೊಮ್ಮೆ ನೋಡಿ, ಬರುವ ನೀರಿನ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಿದ್ದರೆ ಪೊರೆಯನ್ನೂ ಬದಲಿಸಿ.